ದೇವರ ದನಕ್ಕೆ ಒಬ್ಬ ಒಡೆಯ

ನಾನು ಜಗಳಗಂಟಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ತೇನಿಯ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಓಡಾಡಲು ಶುರುಮಾಡಿ ಹತ್ತೊಂಬತ್ತು ವರ್ಷವಾಯಿತು. ಅಷ್ಟೂ ವರ್ಷ ಎರಡು ಮಾತನ್ನು ಸಿಕ್ಕಸಿಕ್ಕವರ ಕಿವಿಗೆಲ್ಲ ಹಾಕುತ್ತ ಬಂದಿದ್ದೇನೆ. ಒಂದು, ಕಾನೂನು ಬೇಡವೆನ್ನದ್ದನ್ನೆಲ್ಲ ಮನುಷ್ಯ ಯಾರನ್ನೂ ಕೇಳದೆ ಮಾಡಬಹುದು. ಸರ್ಕಾರ ಮಾತ್ರ ಕಾನೂನು ಮಾಡು ಎಂದದ್ದನ್ನಷ್ಟೇ ಮಾಡಬೇಕು. ಎರಡು, ಒಡೆಯನಿಲ್ಲದ ವಸ್ತು ಉಳಿಯುವುದಿಲ್ಲ. ದ್ರಾಕ್ಷಿ ಬೆಳೆದವನು ಯಾರಿಗೆ ಮಾರಬೇಕು, ಇಡ್ಲಿ ಮಾರುವವಳು ಎಲ್ಲಿ ಕೂರಬೇಕು ಎಂದು ಕಚೇರಿಯಲ್ಲಿ ಕೂತವನು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾರ್ ರೂಮಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ಶುರುವಾಯ್ತಪ್ಪಾ ಪ್ರವಚನ" ಎಂದು ಅರ್ಧ ಜನ ಟೀ ಕುಡಿಯಲು ಎದ್ದು ಹೋಗುತ್ತಾರೆ.

ಆ ಎರಡೂ ಮಾತು ಈಗಲೂ ನಿಜವೆಂದೇ ನಂಬುತ್ತೇನೆ. ಆದರೂ ನನ್ನ ಸ್ವಂತ ಸೋದರಮಾವನ ಬಾಳನ್ನು ಹಾಳುಮಾಡಿದ್ದು ನಾನೇ, ಆ ಎರಡನೆಯ ಮಾತನ್ನು ಹಿಡಿದುಕೊಂಡೇ. ಇದನ್ನು ಬರೆಯದೆ ಇನ್ನು ನನಗೆ ಬೇರೆ ದಾರಿ ಕಾಣುತ್ತಿಲ್ಲ.

ನಮ್ಮದು ಕಂಬಂ ಕಣಿವೆಯಲ್ಲಿ, ಕಾಮಯಗೌಂಡನ್‌ಪಟ್ಟಿಯಿಂದ ನಡೆದು ಹೋಗುವಷ್ಟು ದೂರದ ಒಂದು ಊರು. ಎಷ್ಟೋ ತಲೆಮಾರಿನ ಹಿಂದೆ ದನ ಹೊಡೆದುಕೊಂಡು ಬಂದು ಇಲ್ಲಿ ನೆಲೆ ನಿಂತ ಕನ್ನಡದ ಒಕ್ಕಲು ಮಕ್ಕಳು ನಾವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು; ಮನೆಯ ಕನ್ನಡದಲ್ಲೂ ಅರ್ಧ ತಮಿಳೇ. ಕನ್ನಡ ಅಕ್ಷರ ನಾನು ಕಲಿತದ್ದು ಮೈಸೂರಿನಲ್ಲಿ ಕಾನೂನು ಓದುವಾಗ, ಹಾಸ್ಟೆಲಿನ ಅಡುಗೆಯವಳ ಮಗಳ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು.

ಊರಿನ ಪಡುವಣಕ್ಕೆ ದೇವರ ತೊಳು ಇದೆ. ತೊಳು ಎಂದರೆ ನಮ್ಮವರ ಬಾಯಲ್ಲಿ ದನದ ದೊಡ್ಡಿ. ಎದೆಮಟ್ಟದ ಕಲ್ಲುಗೋಡೆ, ನಡುವೆ ಒಂದು ಮರದ ಕಂಬ. ಆ ಕಂಬವೇ ದೇವರು. ಗುಡಿಯಿಲ್ಲ, ಮೂರ್ತಿಯಿಲ್ಲ, ಹುಂಡಿಯಿಲ್ಲ. ಹರಕೆ ಹೊತ್ತವರು ಕರು ತಂದು ಬಿಡುತ್ತಾರೆ. ಅವು ಬೆಳೆದು, ಈದು, ಅರವತ್ತರ ಸುಮಾರು ದನವಾಗಿದ್ದವು. ದೇವರ ದನದ ಹಾಲು ಕರುವಿಗೇ ಹೊರತು ಮನುಷ್ಯರು ಕರೆಯುವಂತಿಲ್ಲ. ಮಾರುವಂತಿಲ್ಲ. ಸತ್ತರೆ ಮನೆಯವರನ್ನು ಹೂಳುವ ಹಾಗೆ ಹೂಳಬೇಕು. ಇವೆಲ್ಲಕ್ಕಿಂತ ದೊಡ್ಡ ಕಟ್ಟು ಇನ್ನೊಂದಿತ್ತು: ಆ ದನವನ್ನು ಯಾರೂ 'ನನ್ನದು' ಎನ್ನಬಾರದು. ಅಂದವರು ಮತ್ತೆ ತೊಳುವಿನೊಳಗೆ ಕಾಲಿಡುವಂತಿಲ್ಲ, ದನದ ಮೈ ಮುಟ್ಟುವಂತಿಲ್ಲ. ಐದು ವರ್ಷದವಳಿದ್ದಾಗ ಒಂದು ಬಿಳಿ ಕರು ತೋರಿಸಿ ನಾನು ಆ ಮಾತು ಆಡಹೋಗಿ, ಬಾಯಿಂದ ಪೂರ್ತಿ ಹೊರಡುವ ಮೊದಲೇ ಅವ್ವನ ಕೈಯಿಂದ ಏಟು ತಿಂದಿದ್ದೆ.

ಮಾಮ, ಅಂದರೆ ಅವ್ವನ ಅಣ್ಣ, ತೊಳು ಕಾಯುವವನು. ಅವನ ಅಪ್ಪನೂ ಅದೇ, ತಾತನೂ ಅದೇ. ಮದುವೆಯಾದ ಮೂರನೇ ವರ್ಷ ಅತ್ತೆ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅವನು ಮನೆಯನ್ನು ನಮ್ಮ ಅವ್ವನಿಗೆ ಬಿಟ್ಟು ತೊಳುವಿನಲ್ಲೇ ಉಳಿದ. ಊಟ ಅಲ್ಲಿಗೇ ಹೋಗುತ್ತಿತ್ತು. ದನ ಯಾವುದು ಎಲ್ಲಿ ಮೇಯುತ್ತದೆ, ಯಾವುದು ಯಾವುದರ ಮೊಮ್ಮಗಳು, ಬೆಟ್ಟದಲ್ಲಿ ಯಾವ ಹಳ್ಳಕ್ಕೆ ಯಾವ ತಿಂಗಳು ಇಳಿಯಬಾರದು ಎಲ್ಲ ಅವನ ತಲೆಯಲ್ಲಿತ್ತು. ಯಾವ ಕಾಗದದ ಮೇಲೂ ಇರಲಿಲ್ಲ.

ಅಣೆಕಟ್ಟಿನ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ನಮ್ಮ ಕಣಿವೆಯಲ್ಲಿ ದನ ಬಿಡಲು ಅಂಗೈಯಗಲ ಜಾಗ ಸಿಗದು. ಎಲ್ಲಿ ನೋಡಿದರೂ ಭತ್ತ, ಬಾಳೆ, ದ್ರಾಕ್ಷಿ ಚಪ್ಪರ. ಆಗ ದನ ಬೆಟ್ಟ ಹತ್ತಬೇಕು. ಪೊಂಗಲ್ ಹತ್ತಿರ ಬಂದಾಗ ಇಳಿಯಬೇಕು. ಅವು ಬೆಟ್ಟದ ದನ, ಕಟ್ಟಿ ಹಾಕಿ ಹುಲ್ಲು ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸುತ್ತವೆ. ಬೆಟ್ಟದಡಿಯ ಅರಣ್ಯ ಇಲಾಖೆಯ ಚೌಕಿಯಲ್ಲಿ ವರ್ಷವರ್ಷ ಮೇಯಿಸಲು ಒಂದು ಚೀಟಿ ಕೊಡುತ್ತಿದ್ದರು. 'ದೇವರ ದನ' ಎಂದು ಬರೆದು, ತಲೆ ಎಷ್ಟು ಎಂದು ಹಾಕಿ, ಒಂದು ಮೊಹರು. ಆ ಚೀಟಿಯ ಮೇಲೆ ನನಗೆ ಮೊದಲಿನಿಂದ ಸಿಟ್ಟು. ಕಚೇರಿ ಹುಟ್ಟುವ ಮೊದಲೇ ನಮ್ಮ ದನ ಬೆಟ್ಟ ಹತ್ತುತ್ತಿದ್ದವು. ಇದ್ದ ಹಕ್ಕನ್ನು ಕಿತ್ತುಕೊಂಡು, ಅದನ್ನೇ ಚೀಟಿ ಮಾಡಿ ದಯಪಾಲಿಸುವುದು ಯಾವ ನ್ಯಾಯ ಎಂದು ಮಾಮನ ಮುಂದೆ ಕೂಗಾಡುತ್ತಿದ್ದೆ. ಅವನು ನಗುತ್ತಿದ್ದ. "ಬುಡು ತಾಯಿ. ಅವ್ರ್ ಬರ್ಕೊಡ್ತಾರ, ನಾವ್ ಓಯ್ತೀವಿ. ಒಂದ್ ಚೀಟಿಗೆ ಇಷ್ಟ್ ಜಗ್ಳ ಯಾಕೆ?"

ಒಂದು ಜೂನ್ ಬೆಳಿಗ್ಗೆ ಮಾಮ ತೇನಿಯ ನನ್ನ ಆಫೀಸಿಗೆ ಬಂದ. ಅವನು ತೇನಿಗೆ ಬರುವವನೇ ಅಲ್ಲ. ಬಸ್ ಸ್ಟ್ಯಾಂಡಿನಿಂದ ದಾರಿ ಕೇಳಿಕೊಂಡು, ಕೈಯಲ್ಲಿ ಮಡಚಿದ ಒಂದು ಫಾರಂ ಹಿಡಿದು, ಬರಿಗಾಲಲ್ಲಿ ಬಾಗಿಲ ಹೊರಗೇ ನಿಂತಿದ್ದ. ಒಳಗೆ ಕರೆದು ಕೂರಿಸಿದೆ.

"ಈ ವರ್ಷ ಚೀಟಿ ಕೊಡಲ್ವಂತೆ ತಾಯಿ. ಎಲ್ಲಾ ಕಂಪ್ಯೂಟರ್ ಅಂತೆ. ದನ ಯಾರ್ದು ಅಂತ ಕೇಳ್ದ. ಸಾಮಿದು ಅಂದೆ. ಸಾಮಿಗೆ ಆಧಾರ್ ಐತಾ ಅಂದ."

ನನಗೆ ನಗು ಬಂತು. ಆಮೇಲೆ ಫಾರಂ ನೋಡಿದೆ. ಒಂದನೇ ಕಾಲಮ್ಮಿನಲ್ಲೇ ದನದ ಒಡೆಯನ ಹೆಸರು, ಅದರ ಕೆಳಗೆ ಅವನ ಗುರುತಿನ ಸಂಖ್ಯೆ. ಅದರ ಮೇಲೆ ಅಡ್ಡಗೀಟು ಎಳೆದು ಯಾರೋ 'ವಾಪಸ್' ಎಂದು ಬರೆದಿದ್ದರು.

ಮರುದಿನ ಮಾಮನನ್ನು ಕರೆದುಕೊಂಡು ಮೇಲಿನ ಕಚೇರಿಗೆ ಹೋದೆ. ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿದ್ದ ಅಧಿಕಾರಿಣಿ ಕೆಟ್ಟವಳಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವಳು. ಮಾಮನಿಗೆ ಕುರ್ಚಿ ಹಾಕಿಸಿದಳು, ಮಜ್ಜಿಗೆ ತರಿಸಿದಳು. ನಾನು ಅಸ್ತ್ರಗಳನ್ನೆಲ್ಲ ತೆಗೆದೆ. ಕಾನೂನಿನ ಕಣ್ಣಿನಲ್ಲಿ ದೇವರೂ ಆಸ್ತಿ ಇಟ್ಟುಕೊಳ್ಳಬಹುದು, ಇದು ಹೊಸ ಮಾತೇನಲ್ಲ ಎಂದೆ. ಅವಳು ತಮಿಳಿನಲ್ಲಿ ಮೆತ್ತಗೆ ಹೇಳಿದಳು: "ಗೊತ್ತು ಅಕ್ಕಾ. ದೇವಸ್ಥಾನದ ನೋಂದಣಿ ಕಾಗದ ತನ್ನಿ, ಹಾಕಿಕೊಡ್ತೀನಿ."

"ದೇವಸ್ಥಾನ ಇಲ್ಲಮ್ಮಾ. ಒಂದು ಕಂಬ ಇದೆ."

ಅವಳು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಒಡೆಯ ಯಾರು ಎನ್ನುವ ಜಾಗದಲ್ಲಿ ಮೂರೇ ಆಯ್ಕೆ: ವ್ಯಕ್ತಿ, ಸಂಘ, ಕಂಪನಿ. ಅವಳು ನನ್ನ ಕಣ್ಣೆದುರೇ ಆ ಜಾಗ ಖಾಲಿ ಬಿಟ್ಟು ಗುಂಡಿ ಒತ್ತಿದಳು. ಕೆಂಪು ಅಕ್ಷರ ಬಂತು. "ನನ್ನ ಕೈಯಲ್ಲಿದ್ದಿದ್ರೆ ಕೊಡ್ತಿದ್ದೆ ಅಕ್ಕಾ" ಎಂದಳು. ಕಂಪನಿ ದನ ಇಟ್ಟುಕೊಳ್ಳಬಹುದು, ನಮ್ಮ ಕಂಬ ಇಟ್ಟುಕೊಳ್ಳುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಯೂ ಒಪ್ಪಿದ್ದಳು, ಪರದೆ ಒಪ್ಪಲಿಲ್ಲ. ಯಾರ ಮೇಲೆ ಕೂಗಾಡುವುದೆಂದು ತಿಳಿಯದೆ ನಾನು ಮೆಟ್ಟಿಲಿಳಿದು ಬಂದೆ.

ಊರಿನ ಹಿರಿಯರನ್ನು ಸೇರಿಸಿ ಸಂಘ ನೋಂದಾಯಿಸೋಣ ಎಂದೆ. ಅವರು ಬೇಡವೆಂದು ತಲೆಯಾಡಿಸಿಬಿಟ್ಟರು. ಅವರಲ್ಲಿ ಎಲ್ಲರಿಗಿಂತ ಹಿರಿಯ ತಾತ ಹೇಳಿದರು: "ಇವತ್ತ್ ರಿಜಿಸ್ಟರ್ ಅಂತಿಯ, ನಾಳೆ ಒಬ್ಬ ಬಂದು ಬೋರ್ಡ್ ನೆಡ್ತಾನ, ನಾಳಿದ್ದು ಆಪೀಸರ್ ಕುರ್ಚಿ ಹಾಕ್ತಾನ. ಸಾಮಿ ದನಕ್ಕೆ ಸರ್ಕಾರ ಬ್ಯಾಡ ತಾಯಿ." ಇಷ್ಟು ವರ್ಷ ನಾನೇ ಹೇಳಿಕೊಂಡು ಬಂದ ಮಾತದು.

ದೊಡ್ಡ ಕೋರ್ಟಿಗೆ ಹೋದೆ. ಈ ದನ ಪದ್ಧತಿಯಂತೆ ದೇವರಿಗೆ ಸೇರಿದ್ದು, ಬೆಟ್ಟದಲ್ಲಿ ಮೇಯುವುದು ಅನುಮತಿಯಲ್ಲ, ಹಕ್ಕು, ಕಾನೂನು ಅದನ್ನು ಹುಟ್ಟಿಸಲಿಲ್ಲ, ಕಂಡು ಒಪ್ಪಿಕೊಳ್ಳಬೇಕಷ್ಟೆ ಎಂದು ಬರೆದೆ. ನನ್ನ ಬಾಳಿನಲ್ಲಿ ಅಷ್ಟು ಚೆನ್ನಾಗಿ ಬೇರೆ ಯಾವ ಅರ್ಜಿಯನ್ನೂ ಬರೆದಿಲ್ಲ. ಸರ್ಕಾರದ ವಕೀಲರು ಉತ್ತರ ಹಾಕಲು ಸಮಯ ಕೇಳಿದರು. ಸಿಕ್ಕಿತು. ಮತ್ತೆ ಕೇಳಿದರು, ಮತ್ತೆ ಸಿಕ್ಕಿತು.

ಅಷ್ಟರಲ್ಲಿ ನೀರು ಬಿಟ್ಟರು. ಊರ ಸುತ್ತ ನಾಟಿ ಶುರುವಾಯಿತು. ಅರವತ್ತು ದನ ತೊಳುವಿನ ಗೋಡೆಯೊಳಗೆ ನಿಂತುಬಿಟ್ಟವು. ಹೆಂಗಸರು ತಲೆಹೊರೆಯಲ್ಲಿ ಬಾಳೆಎಲೆ, ಜೋಳದ ದಂಟು ತಂದು ಹಾಕಿದರು. ಅವು ತುಳಿದವು, ತಿನ್ನಲಿಲ್ಲ. ಗೋಡೆಗೆ ಕತ್ತು ಚಾಚಿ ಬೆಟ್ಟದ ಕಡೆ ನೋಡುತ್ತಿದ್ದವು. ತಾಯಿಗಳ ಹಾಲು ಬತ್ತಿ ಒಂದು ವಾರದಲ್ಲಿ ಎರಡು ಕರು ಸತ್ತವು. ಎರಡನ್ನೂ ಮಾಮನೇ ಹೊತ್ತು ಒಯ್ದು ಹೂತ. ಚೀಟಿಯಿಲ್ಲದೆ ಹತ್ತಿಸಿದರೆ ದನ ಮುಟ್ಟುಗೋಲು, ಹೊಡೆದವನ ಮೇಲೆ ಕೇಸು. ಹಿರಿಯರು ಕೊನೆಗೆ ಒಂದು ಮಾತಿಗೆ ಬಂದರು: ಜುಲೈ ನಡುವೆ ಆಡಿ ಮಾಸ ಹುಟ್ಟುವುದರೊಳಗೆ ಬೆಟ್ಟ ಹತ್ತದಿದ್ದರೆ, ಮಾರಬಾರದೆಂಬ ಕಟ್ಟು ಮುರಿದರೂ ಸರಿ, ದನ ಕೊಟ್ಟುಬಿಡುವುದು. ಕೊಳ್ಳುವವನು ಗಡಿಯಾಚೆಯ ವ್ಯಾಪಾರಿ. ಅವನು ದನವನ್ನು ಸಾಕಲು ಕೊಳ್ಳುವವನಲ್ಲ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ತಿಂಗಳಿಗೊಂದು ಶನಿವಾರ ನಾನು ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆ ಶನಿವಾರದ ಪಾಠ ಆಸ್ತಿಯ ಬಗ್ಗೆ. ಎಲ್ಲರದೂ ಎಂದರೆ ಯಾರದೂ ಅಲ್ಲ, ಇಂಥವನದು ಎಂದಾಗಲೇ ಕಾನೂನು ಅದರ ಬೆನ್ನಿಗೆ ನಿಲ್ಲುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ವಾಪಸು ಬರುವ ಬಸ್ಸಿನಲ್ಲಿ ನನ್ನ ಬುದ್ಧಿಗೆ ಥಟ್ಟನೆ ಹೊಳೆಯಿತು. ಅಯ್ಯೋ ಹುಚ್ಚಿ, ಇಷ್ಟು ಸುಲಭದ್ದು ಇಷ್ಟು ದಿನ ಯಾಕೆ ಕಾಣಲಿಲ್ಲ ಎಂದು ನನ್ನನ್ನೇ ಬೈದುಕೊಂಡೆ. ಸಂತೋಷಕ್ಕೆ ಪಕ್ಕದ ಸೀಟಿನವಳಿಗೆ ಕಡಲೆಕಾಯಿ ಕೊಟ್ಟೆ. ಮನೆಗೆ ಹೋಗದೆ ನೇರ ಊರಿಗೆ ಹೋದೆ.

ಮಾಮ ಒಂದು ಮುದಿ ಹಸುವಿನ ಕತ್ತು ಕೆರೆಯುತ್ತ ನಿಂತಿದ್ದ.

"ಮಾಮಾ, ನಿನ್ನ ಹೆಸರಿಗೆ ಹಾಕ್ಸೋಣ. ಒಡೆಯ ನೀನು ಅಂತ. ನಾಲ್ಕು ದಿನದಲ್ಲಿ ಚೀಟಿ ಬತ್ತದೆ."

ಅವನು ಕೆರೆಯುವುದನ್ನು ನಿಲ್ಲಿಸಿದ. "ಏನ್ ಮಾತಾಡ್ತೀಯ ತಾಯಿ?"

"ಬರೀ ಕಾಗದ ಮಾಮಾ. ಕಾಗದಕ್ಕೆ ಒಬ್ಬ ಮನುಷ್ಯ ಬೇಕು, ಅಷ್ಟೇ. ಮನಸ್ನಲ್ಲಿ ಸಾಮಿದೇ ಅಂತ ಇಟ್ಕೋ."

"ಬಾಯಲ್ಲಿ ಒಂದು, ಮನಸ್ನಲ್ಲಿ ಒಂದಾ?"

ನಾನು ಒಂದು ಗಂಟೆ ವಾದಿಸಿದೆ. ನನಗೆ ಬರುವುದೇ ಅದೊಂದು ವಿದ್ಯೆ. ಒಡೆಯನಿಲ್ಲದ್ದು ಬಲವಿದ್ದವನ ಪಾಲಾಗುತ್ತದೆ ಎಂದೆ. ಸತ್ತ ಎರಡು ಕರು ಹೂತ ಜಾಗ ತೋರಿಸಿ ಹೆದರಿಸಿದೆ. ಗಡಿಯಾಚೆಯ ವ್ಯಾಪಾರಿಯ ಲಾರಿ ಹೇಗಿರುತ್ತದೆ ಎಂದು ಬಣ್ಣಿಸಿದೆ. ಛೀ, ಅದನ್ನು ನೆನೆದರೆ ಈಗ ನನಗೆ ನಾನೇ ಅಸಹ್ಯ. ಮಾಮ ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಬ್ಯಾರೆ ದಾರಿನೇ ಇಲ್ವಾ?"

"ಇಲ್ಲ ಮಾಮಾ" ಎಂದೆ. ಕೋರ್ಟಿನಲ್ಲಿ ಅರ್ಜಿ ಇನ್ನೂ ಜೀವಂತವಾಗಿತ್ತು. ನ್ಯಾಯಾಧೀಶರ ಮುಂದೆ ನಿಂತು, ಕರು ಸಾಯುತ್ತಿವೆ ಸ್ವಾಮಿ, ತೀರ್ಪು ಬರುವ ತನಕ ಹಳೆಯ ಚೀಟಿಯೇ ನಡೆಯಲಿ ಎಂದು ತುರ್ತಾಗಿ ಬೇಡಬಹುದಿತ್ತು. ಅದಕ್ಕೆ ಇನ್ನೊಂದು ವಾರ ಬೇಕು, ಸಿಗುತ್ತದೆಂಬ ಖಾತ್ರಿಯಿಲ್ಲ. ನನಗೆ ಅವಸರ. ನನ್ನ ಉಪಾಯದ ಮೇಲೆ ನನಗೇ ಮೋಹ.

ಸೋಮವಾರ ನೋಟರಿಯ ಮೇಜಿನ ಮುಂದೆ ನಿಂತೆವು. ಕೆಳಗೆ ವಿವರಿಸಿದ ಅರವತ್ತು ದನಗಳಿಗೆ ನಾನೊಬ್ಬನೇ ಒಡೆಯ, ಇವುಗಳ ಮೇಲೆ ಬೇರೆ ಯಾರಿಗೂ ಯಾವ ಹಕ್ಕೂ ಇಲ್ಲ. ಹೀಗೆಂದು ತಮಿಳಿನಲ್ಲಿ ಟೈಪು ಮಾಡಿಸಿದ್ದು ನಾನೇ. ಮಾಮ ಸಹಿ ಹಾಕಿದ. ನೋಟರಿ ವಯಸ್ಸಾದವರು, ಕಟ್ಟುನಿಟ್ಟು. ಬಾಯಿಬಿಟ್ಟು ಹೇಳಿಸದೆ ಮೊಹರು ಒತ್ತುವವರಲ್ಲ.

"ದನ ಯಾರವು ದೊಡ್ಡವರೇ?"

ಮಾಮ ನನ್ನನ್ನು ನೋಡಿದ. ನಾನು ಹೂಂ ಎಂದು ತಲೆಯಾಡಿಸಿದೆ.

"ಎನ್ನೋಡದು" ಎಂದ. ನನ್ನವು ಎಂದು ತಮಿಳಿನಲ್ಲಿ ಹೇಳಿದ. ನೋಟರಿ ಮೊಹರು ಒತ್ತಿದರು.

ಹೇಳಿದಂತೆ ನಾಲ್ಕನೇ ದಿನಕ್ಕೆ ಚೀಟಿ ಬಂತು. ಮೊಬೈಲಿಗೇ ಬಂತು, ಹಸಿರು ಗೆರೆಯ ಅಂಚಿನಲ್ಲಿ. ನಾನು ಸಿಹಿ ಕಟ್ಟಿಸಿಕೊಂಡು ಊರಿಗೆ ಹೋದೆ. ಮಾಮ ತೊಳುವಿನ ಹೊರಗೆ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಒಳಗೆ ಬೇರೆ ಒಬ್ಬ, ವರಸೆಯಲ್ಲಿ ಅವನಿಗೆ ತಮ್ಮನಾಗುವವನು, ಸಗಣಿ ಬಾಚುತ್ತಿದ್ದ.

"ಇಲ್ಯಾಕೆ ಕೂತಿದೀಯ ಮಾಮಾ?"

"ಸೋಮವಾರದಿಂದ ಇಲ್ಲೇ."

ಹಿರಿಯರು ಯಾರೂ ಅವನನ್ನು ಹೊರಗೆ ಹಾಕಿರಲಿಲ್ಲ. ತೇನಿಯಿಂದ ಬಂದವನೇ ಅವನಾಗಿಯೇ ಹೋಗಿ, ಆ ಮಾತು ಅಂದುಬಿಟ್ಟೆ ಎಂದು ಹೇಳಿ, ತೊಳುವಿನ ಬೀಗದಕೈ ಒಪ್ಪಿಸಿದ್ದ. ಆ ಕಟ್ಟು ನನಗೆ ಗೊತ್ತಿರಲಿಲ್ಲವೆಂದು ಹೇಳುವ ಹಾಗಿಲ್ಲ, ಏಟು ತಿಂದವಳು ನಾನು. ಆದರೆ ಅದು ಮಕ್ಕಳನ್ನು ಹೆದರಿಸುವ ಮಾತೆಂದು, ಒಂದು ಒಳ್ಳೆಯ ಕೆಲಸಕ್ಕೆ ಯಾರೂ ಅದನ್ನು ಎತ್ತುವುದಿಲ್ಲವೆಂದು ಅಂದುಕೊಂಡಿದ್ದೆ. ಕಾಗದದಲ್ಲಿರುವ ಕಾನೂನಿಗೆ ಅಷ್ಟು ಬೆಲೆ ಕೊಡುವ ನಾನು, ಕಾಗದದಲ್ಲಿಲ್ಲದ ಕಾನೂನನ್ನು ಕಾನೂನೆಂದೇ ಎಣಿಸಿರಲಿಲ್ಲ.

ಆದರೂ ಬಾಯಿ ಸುಮ್ಮನಿರಲಿಲ್ಲ. "ನೀನು ತಮಿಳಲ್ಲಿ ತಾನೇ ಅಂದದ್ದು ಮಾಮಾ? ನಮ್ಮ ಮಾತಲ್ಲಿ ಅನ್ನಲಿಲ್ಲವಲ್ಲ!"

ಅವನು ನಕ್ಕ. ಆ ವರ್ಷ ನಾನು ಕಂಡ ಅವನ ಕೊನೆಯ ನಗು ಅದು. "ಸಾಮಿಗೆ ತಮಿಳ್ ಬರಲ್ವಾ ತಾಯಿ? ಇಷ್ಟ್ ಕಾಲದಿಂದ ಇಲ್ಲೇ ಐತಲ್ಲ."

ಆ ತಮ್ಮ ಹೊಡೆದುಕೊಂಡು ಹೋಗಿ ದನ ಬೆಟ್ಟ ಹತ್ತಿದವು. ಚೌಕಿಯಲ್ಲಿ ಚೀಟಿಯ ಒಡೆಯ ಜೊತೆಗಿರಲೇಬೇಕೆಂದು ನಿಯಮ. ಹಾಗಾಗಿ ಮಾಮ ಹೋದ, ಮುಟ್ಟುವಂತಿಲ್ಲದ್ದರಿಂದ ಇಪ್ಪತ್ತು ಮಾರು ಹಿಂದೆ. ಚೌಕಿಯ ಕಾವಲುಗಾರ "ಎಲ್ಲಾ ನಿಮ್ಮವೇನಾ?" ಎಂದು ಕೇಳಿದಾಗ ಮಾಮ ಇನ್ನೊಂದು ಸಲ ಹೌದೆಂದ. ಒಂದು ಹಸು ಗುಂಪಿನಿಂದ ತಿರುಗಿ ಅವನ ಹತ್ತಿರ ಬಂತು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡು ಸರಿದು ನಿಂತ. ಅದು ಮೂಗು ಚಾಚಿತು, ಇವನು ಇನ್ನೂ ಸರಿದ. ನಾನು ರಸ್ತೆಯ ಬದಿಯಲ್ಲಿ ಕಾರಿಗೆ ಒರಗಿಕೊಂಡು ಅತ್ತೆ. ಅತ್ತು ಏನು ಬಂತು? ಹೇಗೋ ದನ ಉಳಿಯಿತಲ್ಲ ಎಂದು ಮುಖ ಒರೆಸಿಕೊಂಡು ತೇನಿಗೆ ಬಂದೆ.

ಪೊಂಗಲ್ಲಿಗೆ ಹದಿನೈದು ದಿನವಿರುವಾಗ ದೊಡ್ಡ ಕೋರ್ಟಿನಲ್ಲಿ ನಮ್ಮ ಅರ್ಜಿ ವಿಚಾರಣೆಗೆ ಬಂತು. ನಾನು ಆಸೆಯಿಂದಲೇ ಹೋದೆ. ಗೆದ್ದರೆ ಚೀಟಿ ದೇವರ ಹೆಸರಿಗೆ ತಿರುಗುತ್ತದೆ, ಮಾಮನ ಮಾತನ್ನು ಹಿರಿಯರ ಮುಂದೆ ಬಿಡಿಸಿಕೊಳ್ಳಬಹುದು ಎಂದು ಲೆಕ್ಕ. ಮಾಮನನ್ನೂ ಕರೆದೊಯ್ದಿದ್ದೆ. ಅವನು ಬೆಟ್ಟದಿಂದಿಳಿದು ಒಗೆದ ಪಂಚೆ ಉಟ್ಟು ಹಿಂದಿನ ಬೆಂಚಿನಲ್ಲಿ ಕೂತ. ನಾನು ಮುಕ್ಕಾಲು ಗಂಟೆ ಮಾತಾಡಿದೆ. ನ್ಯಾಯಾಧೀಶರು ಕುತೂಹಲದಿಂದ ಕೇಳಿದರು, ಎರಡು ಕಡೆ ತಲೆಯನ್ನೂ ಆಡಿಸಿದರು. ಆಮೇಲೆ ಸರ್ಕಾರದ ವಕೀಲರು ಎದ್ದು, ಒಂದೇ ಒಂದು ಹಾಳೆಯನ್ನು ಮೇಲಕ್ಕೆ ಕೊಟ್ಟರು.

ನಾನು ಟೈಪು ಮಾಡಿಸಿದ್ದ ಹಾಳೆ. ಅರವತ್ತು ದನಗಳಿಗೆ ನಾನೊಬ್ಬನೇ ಒಡೆಯ, ಬೇರೆ ಯಾರಿಗೂ ಯಾವ ಹಕ್ಕೂ ಇಲ್ಲ. ಕೆಳಗೆ ಮಾಮನ ಸಹಿ.

ನ್ಯಾಯಾಧೀಶರು ಓದಿ ಕನ್ನಡಕ ತೆಗೆದರು. ದೇವರ ದನವೆಂದು ಅರ್ಜಿ, ಸ್ವಂತ ದನವೆಂದು ಪ್ರಮಾಣ. ಎರಡರಲ್ಲಿ ಯಾವುದು ಸುಳ್ಳು ಎಂದು ನನ್ನನ್ನು ಕೇಳಿದರು. ಪ್ರಮಾಣ ಸುಳ್ಳೆಂದರೆ ಸುಳ್ಳು ಪ್ರಮಾಣ ಮಾಡಿದ್ದಕ್ಕೆ ಮಾಮನ ಮೇಲೆ ಕೇಸು, ಜೊತೆಗೆ ಚೀಟಿಯೂ ರದ್ದು. ಅರ್ಜಿ ಸುಳ್ಳೆಂದರೆ ದನ ಹೋಯಿತು. ನಾನು ಹಿಂದೆ ತಿರುಗಿ ನೋಡಿದೆ. ಇಂಗ್ಲಿಷಿನಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯದೆ ಮಾಮ ನನಗೆ ಧೈರ್ಯ ಹೇಳುವವನ ಹಾಗೆ ತಲೆಯಾಡಿಸಿದ. ಹೇಳಲು ಏನೂ ಇಲ್ಲ ಎಂದು ಹೇಳಿ ನಾನು ಕೂತುಕೊಂಡೆ. ಒಡೆಯನೇ ಸ್ವಂತದ್ದೆಂದು ಒಪ್ಪಿರುವಾಗ ಪದ್ಧತಿಯ ಪ್ರಶ್ನೆ ಉಳಿಯುವುದಿಲ್ಲವೆಂದು ಅರ್ಜಿ ವಜಾ ಆಯಿತು. ಸ್ವಂತ ದನಕ್ಕೆ ಬೆಟ್ಟದಲ್ಲಿ ಹಕ್ಕಿಲ್ಲ, ಈ ಚೀಟಿ ಮುಗಿದ ಮೇಲೆ ಹೊಸದು ಕೊಡಬೇಕಾಗಿಲ್ಲ ಎಂದೂ ಆದೇಶದಲ್ಲಿತ್ತು.

ಹೊರಗಿನ ಬೇವಿನ ಮರದ ಕೆಳಗೆ ಎಲ್ಲವನ್ನೂ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಮಾಮ ಪೂರ್ತಿ ಕೇಳಿಸಿಕೊಂಡ.

"ನಾ ಸುಳ್ ಹೇಳ್ದೆ ಅಂತ ಬರ್ಕೊಡು. ಜೈಲ್ಗೆ ಓಗ್ತೀನಿ. ದನ ಉಳೀತದಾ?"

"ಗೊತ್ತಿಲ್ಲ ಮಾಮಾ. ಸುಳ್ಳು ಹೇಳಿದವನು ಅಂತ ಆದಮೇಲೆ ನಿನ್ನ ಯಾವ ಮಾತನ್ನೂ ನಂಬಲ್ಲ."

"ಆದ್ರೂ ಬರಿ."

"ಬರೆಯಲ್ಲ" ಎಂದೆ. "ಟೈಪು ಮಾಡ್ಸಿದ್ದು ನಾನು. ನಿನ್ನ ಜೈಲಿಗೆ ಕಳ್ಸಕ್ಕೆ ನನ್ ಕೈಲಾಗಲ್ಲ." ಮಾಮ ಆಮೇಲೆ ನನ್ನೊಡನೆ ಆ ವಿಷಯ ಎತ್ತಲಿಲ್ಲ. ಬರೆಯಲ್ಲವೆಂದದ್ದು ಅವನ ಮೇಲಿನ ಪ್ರೀತಿಯಿಂದಲೋ, ವಕೀಲೆಯ ಹೆಸರು ಕೆಡುವುದೆಂಬ ಹೆದರಿಕೆಯಿಂದಲೋ ಎಂದು ನನ್ನನ್ನು ನಾನು ಕೇಳಿಕೊಳ್ಳುತ್ತಲೇ ಇದ್ದೇನೆ. ಎರಡೂ ಇತ್ತು.

ಪೊಂಗಲ್ಲಿಗೆ ದನ ಇಳಿದವು. ಕೊಯ್ಲಾದ ಗದ್ದೆಗಳಲ್ಲಿ ಕೆಲವು ತಿಂಗಳು ಮೇದವು. ಮತ್ತೆ ನಾಟಿ ಹತ್ತಿರ ಬಂದಾಗ ಹಿರಿಯರು ಸೇರಿದರು. ಈ ಸಲ ವಾದಿಸುವವರು ಯಾರೂ ಇರಲಿಲ್ಲ. ಗಡಿಯಾಚೆಯ ವ್ಯಾಪಾರಿಗೆ ಬೇಡ, ಸಾಕುವವರಿಗೇ ಕೊಡೋಣ ಎಂದು ಊರೂರು ಅಲೆದರು. ಕೆಲವನ್ನು ಕೊಡೈಕಾನಲ್ಲಿನ ಕೆಳಗಿನ ಹಳ್ಳಿಗಳವರು ಒಯ್ದರು. ಉಳಿದ ನಲವತ್ತೆರಡನ್ನು ಯಾರೂ ಕೇಳಲಿಲ್ಲ, ಹಾಲು ಕೊಡದ ಬೆಟ್ಟದ ದನ ಯಾರಿಗೆ ಬೇಕು? ಕೊನೆಗೆ ಆ ವ್ಯಾಪಾರಿಯ ಲಾರಿಗಳೇ ಬಂದವು. ಲಾರಿಗೆ ಹತ್ತಿಸಲು ಪ್ರತಿ ದನಕ್ಕೂ ಒಡೆಯನ ಸಹಿಯಿದ್ದ ಕಾಗದ ಬೇಕು. ಕಾನೂನಿನ ಪ್ರಕಾರ ಆ ಸಹಿ ಹಾಕಬಲ್ಲವನು ಇಡೀ ಲೋಕದಲ್ಲಿ ಒಬ್ಬನೇ.

ನಾನು ಬರೆಯುತ್ತ ಹೋದೆ, ಮಾಮ ಸಹಿ ಹಾಕುತ್ತ ಹೋದ. ಗೋಡೆಯ ಹೊರಗೆ ಒಂದು ಮಡಚುವ ಮೇಜು ಹಾಕಿದ್ದರು. ನಮ್ಮ ಎದುರೇ ಒಂದೊಂದಾಗಿ ದಾಟಿಸಿದರು. ಅವನು ತಲೆಯೆತ್ತದೆ, ಗೊರಸಿನ ಸದ್ದಿನಲ್ಲೇ ಯಾವುದೆಂದು ತಿಳಿದು, ಬಣ್ಣ, ಕೋಡು, ವಯಸ್ಸು ಹೇಳುತ್ತಿದ್ದ, ನಾನು ತುಂಬಿಸುತ್ತಿದ್ದೆ. ಒಂದು ಸಲವೂ ತಪ್ಪಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಮೂರು ಲಾರಿಯೂ ಹೊರಟವು. ಹಿರಿಯರು ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು. ನಾನು ಮತ್ತು ಮಾಮ ಉಳಿದೆವು. ಗೋಡೆಯ ಬಾಗಿಲು ಹಾರು ಹೊಡೆದಿತ್ತು.

ಅವನು ಎದ್ದು ಬಾಗಿಲ ತನಕ ಹೋಗಿ ನಿಂತ. ಹನ್ನೊಂದು ತಿಂಗಳಿನಿಂದ ಅವನು ಆ ಗೆರೆ ದಾಟಿರಲಿಲ್ಲ. ಒಳಗೆ ಇಣುಕಿದ, ನನ್ನ ಕಡೆ ತಿರುಗಿದ.

"ಈಗ ದನ ಇಲ್ವಲ್ಲ ತಾಯಿ. ಈಗ ನಾ ಒಳಿಕ್ ಓಗ್ಬೋದಾ?"

ಆ ಮಾತು ಕೇಳಬೇಕಾದ್ದು ಹಿರಿಯರನ್ನು. ಅವನು ನನ್ನನ್ನು ಕೇಳಿದ, ನಾನು ಓದಿದವಳೆಂದು. ನಾನು ಪೆನ್ನಿನ ಮುಚ್ಚಳ ಹಾಕಿ, ಉಳಿದ ಖಾಲಿ ಫಾರಂಗಳನ್ನು ಜೋಡಿಸತೊಡಗಿದೆ. ಅವನು ಒಳಗೆ ಹೋಗಿ, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು, ಬೆಳಿಗ್ಗೆಯ ಸಗಣಿ ಬಾಚತೊಡಗಿದ.